ಮೇಷ್ಟ್ರು ಬರಲ್ವಂತೆ

ಫೋನ್ ಇನ್ನೊಂದು ಸಲ ಹೊಡೆದುಕೊಂಡರೆ ಅಪ್ಪ ಎದ್ದುಬಿಡುತ್ತಾನೆ. ಮೇಘನ ಸ್ಕೂಲ್ ಬ್ಯಾಗನ್ನು ಬಾಗಿಲಲ್ಲೇ ಎಸೆದು, ಶೂಸ್ ಹಾಕಿಕೊಂಡೇ ಒಳಗೆ ಓಡಿ, ಫೋನ್ ಎತ್ತಿಕೊಂಡಳು.

ಹಿತ್ತಲ ಕೋಣೆಯಲ್ಲಿ ಅಮ್ಮನ ಪವರ್‌ಲೂಮ್ ಮಗ್ಗ ಲಟಪಟ ಲಟಪಟ ಅಂತ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಆ ಸದ್ದಿಗೆ ಅಪ್ಪ ಏಳುವುದಿಲ್ಲ. ದೊಡ್ಡಬಳ್ಳಾಪುರದ ಅವರ ಬೀದಿಯಲ್ಲಿ ಯಾರೂ ಮಗ್ಗದ ಸದ್ದಿಗೆ ಏಳುವುದಿಲ್ಲ. ಆದರೆ ಫೋನ್ ಸದ್ದು ಬೇರೆ.

ಸ್ಕ್ರೀನ್ ಮೇಲೆ ‘ಅಪ್ಪಯ್ಯಣ್ಣ ಡ್ರಾಮ’ ಎಂದಿತ್ತು.

“ಹಲೋ, ಮೇಷ್ಟ್ರೇ...”

“ನಾನು ಮೇಘನ, ತಾತ,” ಅಂದಳು ಪಿಸುಮಾತಿನಲ್ಲಿ.

“ಓ, ನೀನೇನವ್ವ! ಸ್ಕೂಲಿಂದ ಬಂದ್ಯಾ? ಮೇಷ್ಟ್ರಿಗೆ ಕೊಡು ಕಂದ. ಬುಧವಾರ ಕೆಂಪರಾಜು ಎಷ್ಟೊತ್ತಿಗೆ ಕಾರ್ ತರ್ಲಿ ಅಂತ ಕೇಳ್ಬೇಕಿತ್ತು.”

ಮೇಘನ ಅಪ್ಪನ ಕಡೆ ನೋಡಿದಳು. ಅಪ್ಪ ಮಂಚದ ಮೇಲೆ ಮುದುರಿಕೊಂಡು ಮಲಗಿದ್ದ. ತುಟಿ ಒಣಗಿತ್ತು. ಎಡಗೈಗೆ ಹತ್ತಿ ಇಟ್ಟು ಪ್ಲಾಸ್ಟರ್ ಅಂಟಿಸಿದ್ದರು.

ಅಪ್ಪನ ಎರಡು ಕಿಡ್ನಿಗಳೂ ಕೆಲಸ ನಿಲ್ಲಿಸಿ ಎರಡು ವರ್ಷವಾಗಿತ್ತು. ಪ್ರತಿ ಸೋಮವಾರ ಮತ್ತು ಗುರುವಾರ ಅವನು ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಅಲ್ಲಿ ಒಂದು ಮಿಷನ್ ಅವನ ರಕ್ತವನ್ನು ಹೊರಗೆ ಎಳೆದುಕೊಂಡು, ತೊಳೆದು, ಮತ್ತೆ ಒಳಗೆ ಕಳಿಸುತ್ತಿತ್ತು. ಬಂದವನೇ ಮಲಗಿಬಿಡುತ್ತಿದ್ದ.

ಇವತ್ತು ಸೋಮವಾರ. ನಿನ್ನೆ ಭಾನುವಾರ ಅಪ್ಪ ಅಪ್ಪಯ್ಯಣ್ಣನ ಊರಿಗೆ ನಾಟಕ ಕಲಿಸಲು ಹೋಗಿದ್ದ. ಬಂದಾಗ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಆಮೇಲೆ ಬಚ್ಚಲಲ್ಲಿ ವಾಂತಿ ಮಾಡಿಕೊಂಡ. ಬೆಳಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯ ನಾರಾಯಣಮ್ಮ ಅಮ್ಮನಿಗೆ ಹೇಳಿದ್ದರು, “ನಾಟಕ ನಾಟಕ ಅಂತ ಸಾಯ್ತಾನಲ್ಲೇ ನಿನ್ ಗಂಡ!”

ಅಮ್ಮ ಅದಕ್ಕೆ ನಕ್ಕಿದ್ದಳು. ಮೇಘನ ನಕ್ಕಿರಲಿಲ್ಲ. ಸಾಯ್ತಾನೆ ಅನ್ನುವ ಮಾತು ಸ್ಕೂಲಿನಲ್ಲಿ ಪೂರ್ತಿ ದಿನ ಅವಳ ಕಿವಿಯಲ್ಲೇ ಕೂತಿತ್ತು. ಮ್ಯಾಥ್ಸ್ ಪೀರಿಯಡ್‌ನಲ್ಲೂ, ಊಟದ ಹೊತ್ತಿನಲ್ಲೂ.

“ಕಂದ? ಕೇಳಿಸ್ತಾ?” ಎಂದರು ಅಪ್ಪಯ್ಯಣ್ಣ.

“ತಾತ,” ಅಂದಳು ಮೇಘನ. “ಅಪ್ಪ ಇನ್ಮೇಲೆ ನಾಟಕಕ್ಕೆ ಬರಲ್ವಂತೆ. ಡಾಕ್ಟ್ರು ಬೇಡ ಅಂದ್ರಂತೆ.”

ಆ ಕಡೆ ಹಸುವೊಂದು ಕೂಗಿದ್ದು ಕೇಳಿಸಿತು. ಏರ್‌ಪೋರ್ಟಿಗೆ ಇಳಿಯುವ ವಿಮಾನದ ಸದ್ದು ಕೇಳಿಸಿತು.

“ಮೇಷ್ಟ್ರೇ ಹಂಗಂದ್ರಾ?”

“ಹೂಂ. ಅಪ್ಪಂಗೆ ಫೋನ್ ಮಾಡ್ಬೇಡಿ ತಾತ. ಮಾಡಿದ್ರೆ ಅವ್ರಿಗೆ ಬೇಜಾರಾಗುತ್ತೆ.”

“ಆಯ್ತವ್ವ,” ಅಂದರು ಅಪ್ಪಯ್ಯಣ್ಣ ಬಹಳ ಮೆಲ್ಲಗೆ. “ಮೊದ್ಲು ಆರೋಗ್ಯ. ಹುಷಾರಾಗಿರ್ಲಿ.”

ಮೇಘನ ಫೋನ್ ಇಟ್ಟು, ಆ ಕಾಲ್ ಅನ್ನು ಡಿಲೀಟ್ ಮಾಡಿದಳು. ಒಳಗೊಳಗೆ ಸಮಾಧಾನವಾಯಿತು. ಇನ್ನು ಅಪ್ಪ ಮನೆಯಲ್ಲೇ ಇರುತ್ತಾನೆ. ರೆಸ್ಟ್ ತಗೊಳ್ಳುತ್ತಾನೆ.

ಅಪ್ಪನ ಹೆಸರು ವೇಣುಗೋಪಾಲ್. ಆದರೆ ಹಾಗಂದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರಾಮಾ ಮೇಷ್ಟ್ರು ಅನ್ನಬೇಕು. ಆ ಕಡೆಯ ಹಳ್ಳಿಗಳಲ್ಲಿ ಜನ ತಾವೇ ವೇಷ ಕಟ್ಟಿ ಪೌರಾಣಿಕ ನಾಟಕ ಆಡುತ್ತಾರೆ. ಡೇರಿಗೆ ಹಾಲು ಹಾಕುವವರು, ದ್ರಾಕ್ಷಿ ಬೆಳೆಯುವವರು, ಕ್ಯಾಬ್ ಓಡಿಸುವವರು ಎಲ್ಲರೂ ರಾತ್ರಿಯೆಲ್ಲ ಕಿರೀಟ ಇಟ್ಟುಕೊಂಡು ಹಾಡುತ್ತಾರೆ. ಅವರಿಗೆ ಹಾಡು, ಮಾತು, ನಡಿಗೆ ಎಲ್ಲವನ್ನೂ ತಿಂಗಳುಗಟ್ಟಲೆ ಕಲಿಸುವವರು ಮೇಷ್ಟ್ರು. ನಾಟಕದ ದಿನ ಸ್ಟೇಜಿನ ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸುವವರೂ ಅವರೇ.

ಈಗ ಅಪ್ಪ ಕಲಿಸುತ್ತಿದ್ದದ್ದು ದೇವನಹಳ್ಳಿ ರಸ್ತೆಯ ಹುಣಸೇಪುರದವರಿಗೆ. ಅಪ್ಪಯ್ಯಣ್ಣ ಆ ತಂಡದ ಹಿರಿಯರು. ಏರ್‌ಪೋರ್ಟ್ ಕ್ಯಾಬ್ ಓಡಿಸುವ ಕೆಂಪರಾಜು ಕೃಷ್ಣನ ಪಾರ್ಟು. ಡೇರಿಯ ಬೈಲಪ್ಪ ಭೀಮನ ಪಾರ್ಟು.

ಬುಧವಾರ ಸಂಜೆ ಅಪ್ಪ ಶೇವ್ ಮಾಡಿಕೊಂಡ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡ. ಹಾರ್ಮೋನಿಯಂ ಅನ್ನು ಪಕ್ಕದಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತ.

ಬೀದಿಯಲ್ಲಿ ಆಟೋ ಹೋಯಿತು. ನೂಲಿನ ಮೂಟೆ ಹೊತ್ತ ಟೆಂಪೋ ಹೋಯಿತು. ಕೆಂಪರಾಜುವಿನ ಬಿಳಿ ಕಾರು ಮಾತ್ರ ಬರಲಿಲ್ಲ. ಮೇಘನ ಕಿಟಕಿಯ ಹತ್ತಿರ ಹೋಂವರ್ಕ್ ಹರಡಿಕೊಂಡು ಕೂತಿದ್ದಳು. ಒಂದು ಅಕ್ಷರವನ್ನೂ ಬರೆದಿರಲಿಲ್ಲ.

“ಒಂದ್ ಫೋನ್ ಮಾಡ್ಬಾರ್ದೇನ್ರೀ?” ಎಂದಳು ಅಮ್ಮ.

“ಬೇಡ.”

“ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಿರ್ಬೋದು.”

“ಬೇಡ ಅಂದ್ನಲ್ಲ. ಬೇಕಾದ್ರೆ ಅವ್ರೇ ಕರೀತಾರೆ. ಬೇರೆ ಊರೋರೂ ಹಿಂಗೇ ಅಲ್ವಾ ಮಾಡಿದ್ದು? ಬರ್ಬೇಡಿ ಅಂತ ಯಾರೂ ಹೇಳ್ಲಿಲ್ಲ. ಸುಮ್ನೆ ಕರೆಯೋದು ಬಿಟ್ಬಿಟ್ರು.”

ಬೀದಿ ದೀಪ ಹತ್ತಿದ ಮೇಲೆ ಅಪ್ಪ ಎದ್ದು ಒಳಗೆ ಬಂದ. ಶರ್ಟು ಬಿಚ್ಚಿ ಮೊಳೆಗೆ ಹಾಕಿದ. ಹಾರ್ಮೋನಿಯಂ ಅನ್ನು ಮಂಚದ ಕೆಳಗೆ ತಳ್ಳಿದ.

ಗುರುವಾರ ಆಸ್ಪತ್ರೆಗೆ ಹೋಗಿಬಂದು ಯಾರ ಜೊತೆಗೂ ಮಾತಾಡಲಿಲ್ಲ. ಶುಕ್ರವಾರವೂ ಅಷ್ಟೆ. ಭಾನುವಾರ ಶರ್ಟನ್ನೇ ಹಾಕಲಿಲ್ಲ.

ಒಂದು ವಾರ ಮನೆಯಲ್ಲಿದ್ದರೆ ಅಪ್ಪನ ಮುಖ ಕಳೆಕಳೆಯಾಗುತ್ತದೆ ಎಂದುಕೊಂಡಿದ್ದಳು ಮೇಘನ. ಹಾಗಾಗಲಿಲ್ಲ. ಮುಖ ಊದಿಕೊಂಡಿತು. ಹೆಚ್ಚು ಕುಡಿದರೆ ಮೈ ಊದುತ್ತದೆ, ಅಪ್ಪನಿಗೆ ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಅಳತೆ ಹೇಳಿದ್ದರು. ಅಮ್ಮ ಅಷ್ಟನ್ನು ಒಂದು ಬಾಟಲಿಗೆ ಹಾಕಿಡುತ್ತಿದ್ದಳು. ಈಗ ಆ ಬಾಟಲಿ ಮಧ್ಯಾಹ್ನಕ್ಕೇ ಖಾಲಿಯಾಗಿರುತ್ತಿತ್ತು.

“ಅಪ್ಪ ಯಾಕಮ್ಮ ಹಿಂಗಿದಾನೆ?” ಎಂದು ಕೇಳಿದಳು, ಅಮ್ಮ ಅಕ್ಕಿ ಆರಿಸುತ್ತಿದ್ದಾಗ.

ಅಮ್ಮ ಮೊರದಿಂದ ತಲೆ ಎತ್ತಲಿಲ್ಲ. “ಕಾಯಿಲೆ ಬಂದ್ಮೇಲೆ ನಿಮ್ಮಪ್ಪನ್ನ ಎಲ್ಲ ಊರೋರೂ ಬಿಟ್ರು ಕಣೇ. ಹುಣಸೇಪುರದೋರು ಮಾತ್ರ ಮನೆ ಹುಡ್ಕೊಂಡು ಬಂದ್ರು. ನಿಮ್ಗೆ ಯಾವತ್ತು ಆಗುತ್ತೋ ಆವತ್ತೇ ನಾವು ಕಲೀತೀವಿ ಮೇಷ್ಟ್ರೇ ಅಂದ್ರು. ರಾತ್ರಿ ಮಾಡ್ತಿದ್ದ ಪ್ರಾಕ್ಟೀಸ್‌ನ ಇವ್ರಿಗೋಸ್ಕರ ಸಂಜೆಗೇ ಹಾಕ್ಕೊಂಡ್ರು. ಅಪ್ಪಯ್ಯಣ್ಣನ ಹೆಂಡ್ತಿ ಅಕ್ಕಯಮ್ಮ ಇವ್ರೊಬ್ರಿಗೇ ಅಂತ ಉಪ್ಪಿಲ್ದೆ ಅಡುಗೆ ಮಾಡಿ ಬಡಿಸ್ತಿದ್ರು. ನಾನು ಅವ್ರನ್ನ ನೆನೆಸ್ಕೊಂಡು ದಿನಾ ದೀಪ ಹಚ್ತಿದ್ದೆ.” ಅಮ್ಮ ಒಂದು ಕಲ್ಲನ್ನು ಆರಿಸಿ ಎಸೆದಳು. “ಈಗ ಅವ್ರೂ ಬಿಟ್ಬಿಟ್ರು ಅನ್ಸುತ್ತೆ.”

ಮೇಘನ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಸುಮ್ಮನೆ ಕಲ್ಲಿನ ಮೇಲೆ ಕೂತಳು.

ಸೋಮವಾರ ಬೆಳಗ್ಗೆ ಆಟೋ ಬಂದು ಹಾರ್ನ್ ಹೊಡೆಯಿತು. ಅಪ್ಪ ಏಳಲಿಲ್ಲ.

“ಇವತ್ತು ಹೋಗಲ್ಲ,” ಅಂದ ಗೋಡೆಯ ಕಡೆ ಮುಖ ಮಾಡಿಕೊಂಡು.

“ಹೋಗಲ್ಲ ಅಂದ್ರೆ?” ಅಮ್ಮನ ದನಿ ಏರಿತು. “ಡಯಾಲಿಸಿಸ್ ಬಿಡೋಕಾಗುತ್ತಾ? ಒಂದ್ ಸಲ ತಪ್ಪಿಸಿದ್ರೆ ಏನಾಗುತ್ತೆ ಅಂತ ಗೊತ್ತಿಲ್ವಾ ನಿಮ್ಗೆ?”

“ಗೊತ್ತು. ಹೋಗಿ ಬಂದು ಏನ್ ಮಾಡ್ಲಿ? ಮತ್ತೆ ಬಂದು ಮಲಗ್ಬೇಕು ತಾನೇ?”

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು. ಅಮ್ಮ ಅಳುವುದನ್ನು ಮೇಘನ ನೋಡಿರಲಿಲ್ಲ. ಈಗಲೂ ಅಮ್ಮ ಅಳಲಿಲ್ಲ. ಆದರೆ ಚೌಕಟ್ಟಿನಿಂದ ಕೈ ತೆಗೆಯಲಿಲ್ಲ.

ಮೇಘನ ಫೋನ್ ತೆಗೆದುಕೊಂಡು ಮಗ್ಗದ ಕೋಣೆಗೆ ಓಡಿದಳು.

“ತಾತ, ನಾನು ಮೇಘನ. ತಾತ, ನಾನು ಸುಳ್ಳು ಹೇಳ್ದೆ. ಡಾಕ್ಟ್ರು ಏನೂ ಅಂದಿಲ್ಲ. ಅಪ್ಪನೂ ಏನೂ ಅಂದಿಲ್ಲ. ನಾನೇ ಹೇಳಿದ್ದು. ಅಪ್ಪಂಗೆ ಗೊತ್ತೇ ಇಲ್ಲ. ನೀವೆಲ್ಲ ಬಿಟ್ಬಿಟ್ರಿ ಅಂತ ಅಂದ್ಕೊಂಡವ್ನೆ. ಇವತ್ತು ಆಸ್ಪತ್ರೆಗೂ ಹೋಗಲ್ಲ ಅಂತಾವ್ನೆ...”

ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದಳು. ಅಪ್ಪಯ್ಯಣ್ಣ ಬೈಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡಳು.

“ಅಯ್ಯೋ ಕಂದ,” ಅಂದರು ಅವರು. “ಎಂಥಾ ಕೆಲ್ಸ ಮಾಡ್ಬಿಟ್ಟೆ.” “ತಪ್ಪು ನಂದೂ ಅದೆ. ಒಂದ್ ಸಲ ಮೇಷ್ಟ್ರನ್ನೇ ಕೇಳ್ಬೇಕಿತ್ತು. ಆದ್ರೆ ನಾವು ಹೊಸಕೋಟೆ ಕಡೆಯಿಂದ ಇನ್ನೊಬ್ರು ಮೇಷ್ಟ್ರಿಗೆ ಹೇಳಿಯಾಯ್ತಲ್ಲವ್ವ. ನರಸಿಂಹಯ್ಯ ಅಂತ. ನಿನ್ನೆ ಬಂದು ಶುರು ಮಾಡವ್ರೆ. ಮಾತು ಕೊಟ್ಟಾಗದೆ. ಈಗ ಹೆಂಗ್ ಬ್ಯಾಡ ಅನ್ನೋದು?”

ಮೇಘನ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಫೋನ್ ಮಾಡಿ ನಿಜ ಹೇಳಿಬಿಟ್ಟರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದುಕೊಂಡಿದ್ದಳು.

“ನೋಡಾನ,” ಅಂದರು ಅಪ್ಪಯ್ಯಣ್ಣ. “ನೀನು ಮೊದ್ಲು ಅಪ್ಪಂಗೆ ಹೇಳು. ಆಸ್ಪತ್ರೆಗೆ ಕಳ್ಸು.”

ಅವಳು ಬಂದು ಅಪ್ಪನ ಬೆನ್ನ ಹಿಂದೆ ನಿಂತಳು. ಎದುರಿಗೆ ನಿಂತು ಹೇಳಲು ಧೈರ್ಯವಿರಲಿಲ್ಲ. ಎಲ್ಲವನ್ನೂ ಬೆನ್ನಿಗೇ ಹೇಳಿದಳು.

ಅಪ್ಪ ನಿಧಾನವಾಗಿ ಈ ಕಡೆ ತಿರುಗಿದ. ಬಾಗಿಲಲ್ಲಿದ್ದ ಅಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು.

“ಯಾಕೆ ಹಂಗ್ ಹೇಳ್ದೆ?”

“ನೀನು ನಾಟಕ ನಾಟಕ ಅಂತ ಸಾಯ್ತೀಯ ಅಂತ ನಾರಾಯಣಮ್ಮಜ್ಜಿ ಹೇಳಿದ್ರು.” ಈಗ ಅವಳಿಗೆ ಅಳು ತಡೆಯಲಾಗಲಿಲ್ಲ. “ನಂಗೆ ನೀನು ಬೇಕು ಅಪ್ಪ.”

ಅಪ್ಪ ಬೈಯಲಿಲ್ಲ. ಕೈಯೂರಿ ಎದ್ದು ಕೂತ. ಬಲಗೈಯಿಂದ ಅವಳ ಕೆನ್ನೆ ಒರೆಸಿದ.

“ಆ ಆಟೋ ಹೋಯ್ತಾ, ಇನ್ನೂ ಇದೆಯಾ ನೋಡು,” ಅಂದ. “ಶರ್ಟು ಕೊಡು.”

ಆವತ್ತು ಮೇಘನ ಸ್ಕೂಲಿಗೆ ಹೋಗಲಿಲ್ಲ. ಅಪ್ಪ ಅಮ್ಮನ ನಡುವೆ ಆಟೋದಲ್ಲಿ ಕೂತು ಆಸ್ಪತ್ರೆಗೆ ಹೋದಳು. ಮಿಷನ್ ಇರುವ ರೂಮಿಗೆ ಮಕ್ಕಳನ್ನು ಬಿಡುವುದಿಲ್ಲ. ನರ್ಸಕ್ಕ, “ಬಾಗಿಲ ಹತ್ರ ನಿಂತ್ಕೊಂಡು ಒಂದ್ ನಿಮಿಷ ನೋಡು, ಅಷ್ಟೇ,” ಅಂದರು.

ಅಪ್ಪನ ಎಡಗೈಯಿಂದ ಕೆಂಪು ಪೈಪುಗಳು ಮಿಷನ್ನಿಗೆ ಹೋಗಿದ್ದವು. ಆ ಕೈ ಅಲ್ಲಾಡದೆ ಬಿದ್ದಿತ್ತು. ಅವನ ಕಣ್ಣು ಮುಚ್ಚಿತ್ತು. ನಿದ್ದೆ ಬಂದಿದೆ ಎಂದುಕೊಂಡಳು. ಅಷ್ಟರಲ್ಲಿ ಅವನ ಬಲಗೈ ಕಾಣಿಸಿತು.

ಬಲಗೈಯ ಬೆರಳುಗಳು ಹಾಸಿಗೆಯ ಬಟ್ಟೆಯ ಮೇಲೆ ಓಡಾಡುತ್ತಿದ್ದವು. ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ. ಒಂದು ಕಡೆ ಬಂದು ನಿಂತವು. ತುಟಿ ಸ್ವಲ್ಪ ಅಲುಗಿತು. ತಪ್ಪು ಕಂಡುಹಿಡಿದವರ ಹಾಗೆ ಹುಬ್ಬು ಗಂಟಾಯಿತು. ಬೆರಳುಗಳು ಮತ್ತೆ ಮೊದಲಿನಿಂದ ಶುರು ಮಾಡಿದವು.

ಮನೆಗೆ ಬರುವಾಗ ಅವಳು ಕೇಳಿದಳು, “ಅಪ್ಪ, ಅಲ್ಲಿ ಮಲ್ಕೊಂಡು ಏನ್ ನುಡಿಸ್ತಿದ್ದೆ?”

ಅಪ್ಪನಿಗೆ ನಾಚಿಕೆಯಾದಂತೆ ಕಂಡಿತು. “ನೋಡ್ಬಿಟ್ಯಾ? ಆ ಬೈಲಪ್ಪನ ಭೀಮನ ಹಾಡು. ಎರಡನೇ ಸಾಲಿಗೆ ಬಂದ್ರೆ ಸಾಕು, ಶ್ರುತಿ ಬಿಟ್ಬಿಡ್ತಾನೆ. ಹೆಂಗ್ ತಿದ್ದೋದು ಅಂತ ಯೋಚ್ನೆ ಮಾಡ್ತಿದ್ದೆ.” ಆಮೇಲೆ ಅಂದ, “ಅದನ್ನ ಯೋಚ್ನೆ ಮಾಡ್ತಿದ್ರೆ ಅಲ್ಲಿ ಹೊತ್ತು ಹೋಗೋದೇ ಗೊತ್ತಾಗಲ್ಲ ಕಣೇ.”

ಬೈಲಪ್ಪನಿಗೆ ಈಗ ಬೇರೆ ಮೇಷ್ಟ್ರು ಇದ್ದಾರೆ. ಅದು ಅಪ್ಪನಿಗೂ ಗೊತ್ತು. ಮೇಘನ ಅವನ ತೋಳಿಗೆ ತಲೆ ಒರಗಿಸಿದಳು.

ಬುಧವಾರ ಸಂಜೆ ಬೀದಿಯಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಅದರ ಹಿಂದೆ ಒಂದು ಗೂಡ್ಸ್ ಆಟೋ. ಕಾರಿನಿಂದ ಕೆಂಪರಾಜು ಇಳಿದ. ಅಪ್ಪಯ್ಯಣ್ಣ ಇಳಿದರು. ಕನ್ನಡಕ ಹಾಕಿದ್ದ ವಯಸ್ಸಾದವರೊಬ್ಬರು ಇಳಿದರು. ಗೂಡ್ಸ್ ಆಟೋದಲ್ಲಿ ದಪ್ಪ ಮೀಸೆಯ ಬೈಲಪ್ಪ ಯಾವುದೋ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕೂತಿದ್ದ.

ಅಪ್ಪ ಗಡಬಡಿಸಿ ಎದ್ದ. “ಬನ್ನಿ ಬನ್ನಿ. ಒಳಗ್ ಬನ್ನಿ.”

“ಮೇಷ್ಟ್ರೇ,” ಅಂದರು ಅಪ್ಪಯ್ಯಣ್ಣ, “ಇವ್ರೇ ನರಸಿಂಹಯ್ಯ ಮೇಷ್ಟ್ರು. ಇವ್ರಿಗೆ ಎಲ್ಲಾ ವಿಷ್ಯ ಹೇಳಿವ್ನಿ. ನಿಮ್ಮನ್ನ ನೋಡ್ಬೇಕು ಅಂತ ಇವ್ರೇ ಹೊರಟು ಬಂದ್ರು.”

ನರಸಿಂಹಯ್ಯ ಚಾಪೆಯ ಮೇಲೆ ಕೂತರು. “ನಾನು ಬಂದಿದ್ದು ನಿಮ್ಮ ಜಾಗ ಕಿತ್ಕೊಳ್ಳೋಕಲ್ಲ ವೇಣುಗೋಪಾಲ್,” ಅಂದರು. “ನೀವು ಬಿಟ್ರಿ ಅಂತ ಬಂದೆ. ನೀವು ಬಿಟ್ಟಿಲ್ಲ ಅಂದ್ಮೇಲೆ ನಾನು ಎದ್ದು ಹೋಗ್ತೀನಿ.”

ಅಪ್ಪ ತಲೆ ತಗ್ಗಿಸಿದ.

“ಒಂದ್ ಮಾತು ಹೇಳ್ಬೇಕು,” ಅಂದ. “ನಾಟಕದ ದಿನ ಬೆಳಗಾಗೋವರ್ಗೂ ಕೂತು ನುಡ್ಸೋಕೆ ನನ್ ಕೈಲಿ ಆಗಲ್ಲ. ಇದು ನಂಗೆ ಮೊದ್ಲೇ ಗೊತ್ತಿತ್ತು ಅಪ್ಪಯ್ಯಣ್ಣ. ಹೇಳಿದ್ರೆ ನೀವೂ ಬಿಟ್ಬಿಡ್ತೀರೇನೋ ಅಂತ ಭಯ. ಅದಕ್ಕೇ ಬಾಯಿ ಬಿಡ್ಲಿಲ್ಲ.”

ಮೇಘನ ಅಮ್ಮನ ಸೆರಗು ಹಿಡಿದುಕೊಂಡು ನಿಂತಿದ್ದಳು. ಅಪ್ಪನಿಗೂ ಭಯವಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ.

“ಅದಕ್ಕೇನಂತೆ?” ಅಂದರು ನರಸಿಂಹಯ್ಯ. “ನೀವು ಕಲಿಸಿ. ನಾಟಕದ ದಿನ ಮೊದಲ್ನೇ ಹಾಡು ನೀವೇ ಹಿಡೀರಿ. ಸುಸ್ತಾದಾಗ ನಂಗ್ ಬಿಡಿ, ನಾನು ಬೆಳಗಿನವರ್ಗೂ ನೋಡ್ಕೋತೀನಿ. ಈ ಬೈಲಪ್ಪಂಗೆ ಹಾಡು ಕಲಿಸೋದು ಮಾತ್ರ ನನ್ ಕೈಲಿ ಆಗಲ್ಲಪ್ಪ.”

ಬಾಗಿಲಲ್ಲಿ ಬಂದು ನಿಂತಿದ್ದ ಬೈಲಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅಪ್ಪ ನಗಲಿಲ್ಲ. ಎರಡೂ ಕೈ ಜೋಡಿಸಿದ.

“ಕೈ ಮುಗ್ದಿದ್ ಸಾಕು ಮೇಷ್ಟ್ರೇ, ಇದನ್ ನೋಡಿ,” ಎಂದು ಕೆಂಪರಾಜು ಹೊರಗೆ ಓಡಿದ. ಅವನೂ ಬೈಲಪ್ಪನೂ ಸೇರಿ ಆ ಪೆಟ್ಟಿಗೆಯನ್ನು ಹೊತ್ತು ತಂದರು. ಅದು ಹಳೆಯ ಕಾಲು ಹಾರ್ಮೋನಿಯಂ. ಮೇಜಿನಷ್ಟು ಎತ್ತರ, ಕೆಳಗೆ ಕಾಲಿನಿಂದ ಒತ್ತುವ ಹಲಗೆ. “ಡೇರಿ ಅಟ್ಟದ ಮೇಲೆ ಬಿದ್ದಿತ್ತು. ರಿಪೇರಿ ಮಾಡ್ಸಿದ್ವಿ. ಗಾಳಿನ ಕಾಲಲ್ಲೇ ಹಾಕ್ಬೋದು. ಎಡಗೈಗೆ ರೆಸ್ಟ್!”

“ಹಂಗಾದ್ರೆ ಪ್ರಾಕ್ಟೀಸು?” ಅಂದ ಅಪ್ಪ.

“ಬುಧವಾರ ಅಲ್ವಾ ಇವತ್ತು?” ಅಂದರು ಅಪ್ಪಯ್ಯಣ್ಣ. “ಬುಧವಾರ ನಾವೇ ಬತ್ತೀವಿ. ಭಾನುವಾರ ನೀವು ಬರ್ರಿ. ಇಲ್ಲಿ ಜಾಗ ಎಲ್ಲದೆ ಹೇಳಿ.”

ಜಾಗ ಇದ್ದದ್ದು ಮಗ್ಗದ ಕೋಣೆಯಲ್ಲಿ ಮಾತ್ರ. ಅಮ್ಮ ಹೋಗಿ ಮಗ್ಗ ನಿಲ್ಲಿಸಿದಳು. ಅರ್ಧ ನೇಯ್ದ ನೇರಳೆ ಸೀರೆ ಅದರ ಮೇಲೆ ಹಾಗೇ ನಿಂತಿತು. ಪಕ್ಕದ ಮನೆಯ ಮಗ್ಗ ಮಾತ್ರ ಗೋಡೆಯಾಚೆ ಇನ್ನೂ ಲಟಪಟ ಅನ್ನುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ನಾರಾಯಣಮ್ಮ ಏನು ಗಲಾಟೆ ಎಂದು ನೋಡಲು ಬಂದರು. ಬಾಗಿಲಲ್ಲೇ ನಿಂತು ನೋಡಿದರು, ವಾಪಸ್ಸು ಹೋದರು. ಆ ಸದ್ದೂ ನಿಂತಿತು.

ಅಪ್ಪ ಕುರ್ಚಿಯ ಮೇಲೆ ಕೂತು ಹಲಗೆಯ ಮೇಲೆ ಕಾಲಿಟ್ಟ. ಹಾರ್ಮೋನಿಯಂ ಒಮ್ಮೆ ಕೆಮ್ಮಿತು. ಆಮೇಲೆ ಅದರ ದನಿ ಕೋಣೆಯ ತುಂಬ ಹರಡಿತು.

ಬೈಲಪ್ಪ ಎದೆಯುಬ್ಬಿಸಿ ಹಾಡತೊಡಗಿದ. ಎರಡನೇ ಸಾಲಿಗೆ ಬಂದ.

“ಶ್ರುತಿ! ಶ್ರುತಿ!” ಅಪ್ಪ ಅಬ್ಬರಿಸಿದ. “ಎಲ್ಲೋ ಹೋಗ್ತಿದ್ದೀಯ? ಭೀಮ ಕಣಯ್ಯ ನೀನು, ಹಾಲಿನ ಕ್ಯಾನ್ ಎತ್ತೋನ ಥರ ಉಸಿರು ಬಿಡ್ಬೇಡ! ಇಲ್ಲಿ ನಿಲ್ಲು, ಇನ್ನೊಂದ್ ಸಲ!”

ಮೇಘನ ಬೆಚ್ಚಿಬಿದ್ದಳು. ಅಪ್ಪನಿಗೆ ಇಷ್ಟು ದೊಡ್ಡ ದನಿ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅವನು ಯಾವತ್ತೂ ಹೀಗೆ ಮಾತಾಡಿರಲಿಲ್ಲ. ಬೈಲಪ್ಪ ಮೀಸೆ ಸವರಿಕೊಂಡು, ಸ್ಕೂಲ್ ಹುಡುಗನ ಹಾಗೆ ನಿಂತು ಇನ್ನೊಂದು ಸಲ ಹಾಡಿದ. ಮತ್ತೊಂದು ಸಲ. ಆಮೇಲೆ ಆ ಸಾಲು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಕಿಟಕಿಯಲ್ಲಿ ಇಣುಕುತ್ತಿದ್ದ ಬೀದಿಯ ಜನ ಚಪ್ಪಾಳೆ ಹೊಡೆದರು. ನರಸಿಂಹಯ್ಯ ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಕತ್ತಲಾಗುತ್ತಾ ಬಂತು. ಅಪ್ಪಯ್ಯಣ್ಣ ಮೆಲ್ಲಗೆ ಮೇಘನಳ ಹತ್ತಿರ ಬಂದು ಬಗ್ಗಿದರು.

“ಮೇಷ್ಟ್ರಿಗೆ ಸುಸ್ತಾಗಿದ್ದಂಗದೆ ಕಂದ. ಅವ್ರು ತಾವಾಗಿ ಹೇಳಲ್ಲ. ಇವತ್ತಿಗೆ ನಿಲ್ಸಾನ್ವಾ? ನೀನೇ ಹೇಳು.”

ಮೇಘನ ಅಪ್ಪನನ್ನು ನೋಡಿದಳು. ಹಣೆಯ ಮೇಲೆ ಬೆವರಿತ್ತು. ಬೆನ್ನು ಸ್ವಲ್ಪ ಬಾಗಿತ್ತು. ಎಡಗೈ ತೊಡೆಯ ಮೇಲೆ ಸುಮ್ಮನಿತ್ತು. ಕಾಲು ಮಾತ್ರ ಹಲಗೆಯನ್ನು ಒತ್ತುತ್ತಲೇ ಇತ್ತು. ಕಣ್ಣು ಕೃಷ್ಣನ ಹಾಡಿಗೆ ಎದ್ದು ನಿಂತ ಕೆಂಪರಾಜುವಿನ ಮೇಲಿತ್ತು.

“ಸುಸ್ತಾಗಿದೆ ತಾತ,” ಅಂದಳು. “ಆದ್ರೆ ಇನ್ನೊಂದ್ ಹಾಡು ಆಗ್ಲಿ.”

ಅಪ್ಪಯ್ಯಣ್ಣ ಅವಳ ತಲೆ ಸವರಿ ತಮ್ಮ ಜಾಗಕ್ಕೆ ಹೋದರು. ಮೇಘನ ಜನರ ನಡುವೆ ನುಸುಳಿಕೊಂಡು ಹೋಗಿ, ಅಪ್ಪನ ಕುರ್ಚಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು.